ಫಾಲ್ಟ್ ಗಂಟಲದಾಗ ಇತ್ತು

"ಬಾಯಾರ, ಲೈನ್ ಕಟ್ ಕಟ್ ಆಗಾಕತ್ತೈತ್ರಿ. ನಂಬರ್ ಇನ್ನೊಮ್ಮೆ ಹೇಳ್ರಿ."

ಸುರುವಾದದ್ದು ಹಿಂಗ. ಎಂಬತ್ತರ ದಶಕದ ಕೊನಿ ಭಾಗ, ದ್ರಾಕ್ಷಿ ಸುಗ್ಗಿ ಭರ್ತಿ ನಡದಿತ್ತು. ನಾ ಚಿಕ್ಕೋಡಿ ಟೆಲಿಫೋನ್ ಎಕ್ಸ್‌ಚೇಂಜದಾಗ ಆಪರೇಟರ್ ಇದ್ದೆ. ನಮ್ಮೂರ ಪ್ಯಾಟ್ಯಾಗಿನ ದ್ರಾಕ್ಷಿ ವ್ಯಾಪಾರಿ ಒಬ್ಬಾವ ಕಾಗವಾಡದ ತ್ವಾಟಕ್ಕ ಲಾರಿ ಕಳಸೂ ಸಲುವಾಗಿ ಅಥಣಿಗೆ ಟ್ರಂಕ್ ಕಾಲ್, ಅಂದ್ರ ಪರಊರಿನ ಕಾಲ್, ಬುಕ್ ಮಾಡಿದ್ದ. ಅಂವ ಹೇಳಿದ ನಂಬರ್ ನಾ ತಿರುಗಿ ಹೇಳಾಕ ಹೋದೆ. ಎಂಟು ಅನ್ನೂ ಮಾತು ಬಾಯಿಗೆ ಬಂತು, ಗಂಟಲದಾಗ ಗಪ್ಪನ ನಿಂತಿತು. ಜೋರು ಮಾಡಿ ಒತ್ತಿದೆ. ಅರ್ಧ ಹೊರಗ ಬಂತು, ಅರ್ಧ ಒಳಗ ಉಳೀತು.

ಆಗಿನ ಎಕ್ಸ್‌ಚೇಂಜ್ ಅಂದ್ರ ಹೆಂಗಿತ್ತು ಅಂತ ಈಗಿನವರಿಗೆ ಹೇಳಬೇಕು. ಮನ್ಯಾಗ ಫೋನಿನ ಹಿಡಿಕಿ ತಿರುವಿದ್ರ ನಮ್ಮ ಬೋರ್ಡಿನ ಮ್ಯಾಲ ಅವರ ನಂಬರಿನ ಸಣ್ಣ ಮುಚ್ಚಳ ಟಪ್ ಅಂತ ಬೀಳತಿತ್ತು. ನಾವು ತಲಿಗೆ ಹೆಡ್‌ಸೆಟ್ ಹಾಕ್ಕೊಂಡು ಕುಂತಿರತಿದ್ವಿ. ಆ ಮುಚ್ಚಳದ ತೂತಿಗೆ ಕಾರ್ಡ್, ಅಂದ್ರ ತುದಿಗೆ ಪಿನ್ ಇದ್ದ ವೈರ್, ಚುಚ್ಚಿ, ಯಾರು ಬೇಕು ಅಂತ ಕೇಳಿ, ಅವರು ಹೇಳಿದ ನಂಬರ್ ತಿರುಗಿ ಒಪ್ಪಿಸಿ, ಇನ್ನೊಂದು ಕಾರ್ಡ್ ಆ ಕಡೆ ತೂತಿಗೆ ಚುಚ್ಚಬೇಕು. ನಂಬರ್ ತಿರುಗಿ ಹೇಳೂದು ನಿಯಮ. ಹೇಳದ ಕಾಲ್ ಕೊಡೂ ಹಂಗಿಲ್ಲ. ಅಂದ್ರ ದಿನಾ ಪೂರ್ತಿ ನನ್ನ ಬಾಯಾಗ ಅಂಕಿನ ಅಂಕಿ.

ಅವತ್ತು ಮಧ್ಯಾಹ್ನದೊಳಗ ಇನ್ನೂ ನಾಕೈದು ಮಂದಿ ಹಂಗ ಅಂದ್ರು. ಲೈನ್ ಕೆಟ್ಟೈತಿ, ಅರ್ಧಾ ಮಾತು ಕೇಳಸಂಗಿಲ್ಲ. ನಮ್ಮ ಮೆಕ್ಯಾನಿಕ್ ಬಂದ. ಭಾಳ ಚೊಕ್ಕ ಕೆಲಸದ ಮನಷ್ಯಾ. ಹೆಡ್‌ಸೆಟ್ ಬದಲಿ ಮಾಡಿದ, ಕಾರ್ಡ್ ಬದಲಿ ಮಾಡಿದ, ಬೋರ್ಡಿನ ಹಿಂದ ಹೋಗಿ ಎಲ್ಲಾ ಜೋಡಣಿ ಮುಟ್ಟಿ ಮುಟ್ಟಿ ನೋಡಿದ. ಲೈನ್‌ಮನ್ ಒಬ್ಬಾವ ಸೈಕಲ್ ಮ್ಯಾಲ ನಿಚ್ಚಣಿಕಿ ಹೊತಗೊಂಡು ಬಸವ ಸರ್ಕಲ್‌ತನಾ ಕಂಬಾ ಹತ್ತಿ ಇಳದು ಬಂದ. ಏನೂ ಸಿಗಲಿಲ್ಲ. ನನಗೂ ಒಳಗ ಖಾತ್ರಿ ಇತ್ತು, ಲೈನಿಂದೇ ತಪ್ಪು ಅಂತ. ನಾ ಏನ್ ಬಾಯಿ ಸತ್ತಾಕಿ ಅಲ್ಲ. ನಿಪ್ಪಾಣಿ ಓಣ್ಯಾಗ ಬೆಳದಾಕಿ, ಎರಡು ಭಾಷೆದಾಗ ಜಗಳಾ ಮಾಡಿ ಗೆದ್ದಾಕಿ. ನನ್ನ ದನಿಗೇನ ಧಾಡಿ?

ಕಡೀಕ ಮೆಕ್ಯಾನಿಕ್ ನನ್ನ ಎಬ್ಬಿಸಿ ಬಾಜೂ ಕುರ್ಚಿ ಮ್ಯಾಲ ಕುಂಡ್ರಿಸಿದ. ಆ ಬೋರ್ಡ್ ಮುಂಜಾನಿಯಿಂದ ಸುದ್ದ ನಡದಿತ್ತು. ನಾ ಕುಂತ ಮ್ಯಾಲ ಮದಲನೇ ಕಾಲಿಗೇ ಆ ಕಡಿಯಾವ ಒದರಿದ, "ಹಲೋ, ಲೈನ್ ಕಟ್ ಆತ್ರಿ!"

ಮೆಕ್ಯಾನಿಕ್ ಕೈಯಾಗಿನ ಸ್ಕ್ರೂಡ್ರೈವರ್ ಮೇಜಿನ ಮ್ಯಾಲ ಇಟ್ಟ. ಅಂವಗ ಹೇಳಾಕ ಸಂಕೋಚ. "ಬಾಯಾರ, ಸಿಟ್ಟಿಗೇಳಬ್ಯಾಡ್ರಿ. ಫಾಲ್ಟ್ ಬೋರ್ಡಿನ್ಯಾಗ ಇಲ್ರಿ. ನೀವು ಎಲ್ಲಿ ಕುಂತ್ರ ಅಲ್ಲಿ ಬರಾಕತ್ತೈತಿ."

ಆದ್ರೂ ನಕ್ಕೆ. "ಥಂಡಿ ಆಗೇತಿ ಮಾರಾಯಾ, ನಾಳೆ ಹೋಗ್ತೈತಿ" ಅಂದೆ.

ನಾಳೆ ಹೋಗಲಿಲ್ಲ. ಅರಿಷಿಣ ಹಾಲು ಕುಡದೆ, ಜೇಷ್ಠಮಧು ಚೀಪಿದೆ, ಉಗಿ ತಗೊಂಡೆ. ನಮ್ಮ ಅತ್ತಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲಿಗೆ ಹಾಕಿದ್ಳು. ಚಿಕ್ಕೋಡಿ ಡಾಕ್ಟರ್ ಗಂಟಲ ನೋಡಿ ಗುಳಿಗಿ ಕೊಟ್ರು, ವಾರಗಟ್ಟಲೆ ಮೌನ ಇರ್ರಿ ಅಂದ್ರು. ರಜಾ ಹಾಕಿ ಮೌನ ಇದ್ದೆ. ನಮ್ಮ ಮನಿಯವರಿಗೆ ಬಜಾರದಾಗ ಟೇಲರಿಂಗ್ ಅಂಗಡಿ ಇತ್ತು. ಅವರು ಮದಲಿಂದಲೂ ಮಾತು ಕಡಿಮಿ. ಆ ವಾರ ನಮ್ಮ ಮನ್ಯಾಗ ಹೊಲಿಗಿ ಮಷಿನ್ ಸಪ್ಪಳ ಬಿಟ್ರ ಬ್ಯಾರೆ ಏನಿಲ್ಲ. ಮೌನ ಮುಗಿಸಿ ಬೋರ್ಡಿಗೆ ಹೋಗಿ ಕುಂತೆ, ಹೆಡ್‌ಸೆಟ್ ಹಾಕ್ಕೊಂಡೆ, ಮದಲನೇ ಅಂಕಿಗೇ ಗಂಟಲ ಮುಚ್ಚಿತು.

ಎಲ್ಲಕ್ಕಿಂತ ಹೈರಾಣ ಮಾಡಿದ್ದು ಬ್ಯಾರೇನ. ಹಾಡಿದ್ರ ದನಿ ಬರತಿತ್ತು. ನಕ್ಕರ ಬರತಿತ್ತು. ಪಿಸುಗುಟ್ಟಿದ್ರ ಬರತಿತ್ತು. ಮಗಳನ್ನ ಮಲಗಿಸುವಾಗ ಜೋಗುಳ ಎಳೆ ಎಳೆಯಾಗಿ ಬರತಿತ್ತು. ಸುಮ್ನ ಕುಂತು "ಅನ್ನಕ್ಕ ಎಸರು ಇಡ್ಲೇನು?" ಅಂತ ಕೇಳಬೇಕಂದ್ರ ಕುತ್ತಿಗಿ ನರಾ ಉಬ್ಬಿ, ಮಾರಿ ಕೆಂಪಾಗಿ, ಮಾತು ಚೂರು ಚೂರಾಗಿ ಬೀಳತಿತ್ತು. ಅತ್ತಿ ಒಂದಿನ ಅಂದ ಬಿಟ್ಳು, "ಹಾಡಾಕ ಬರ್ತೈತಿ, ಬಯ್ಯಾಕ ಬರ್ತೈತಿ, ಕೇಳಿದ್ದಕ್ಕ ಉತ್ತರ ಕೊಡಾಕ ಅಷ್ಟ ಬರಂಗಿಲ್ಲ. ಛಲೋ ಬ್ಯಾನಿ ಹಿಡದೈತಿ ತಗೋ ನಿನಗ." ಅಕಿಂದೂ ತಪ್ಪಿಲ್ಲ. ನನಗ ನನ್ನ ಮ್ಯಾಲೇ ಸಂಶಯ ಬರಾಕತ್ತಿತ್ತು.

ಬೆಳಗಾವಿಗೆ ಹೋದ್ವಿ. ಗಂಟಲ ಡಾಕ್ಟರ್ ನಾಲಿಗಿ ಅರಬ್ಯಾಗ ಹಿಡದು ಎಳದು, ಕನ್ನಡಿ ಒಳಗ ಇಳಿಸಿ ನೋಡಿದ್ರು. "ದನಿ ಪಟ್ಟಿ ಎರಡೂ ಸ್ವಚ್ಛ ಅದಾವ. ಗಂಟಿಲ್ಲ, ಬಾವಿಲ್ಲ. ಇದು ಮನಸಿಂದು" ಅಂದು ಮನಸಿನ ಡಾಕ್ಟರ್ ಕಡೆ ಕಳಿಸಿದ್ರು. ಆ ಡಾಕ್ಟರ್ ನನ್ನ ಮಾತಾಡಸಲಿಲ್ಲ, ನಮ್ಮ ಮನಿಯವರನ್ನ ಕೇಳಿದ್ರು, "ಮನ್ಯಾಗ ಏನರೆ ಜಗಳಾ ಐತೇನು?" ಇವರು ಪಾಪ ತಲಿ ಕೆರಕೊಂಡು, "ಎಲ್ಲಾರ ಮನ್ಯಾಗ ಇದ್ದಷ್ಟ ಐತ್ರಿ" ಅಂದ್ರು. ಗುಳಿಗಿ ಬರದು ಕೊಟ್ರು. ಆ ಗುಳಿಗಿ ತಗೊಂಡು ಬೋರ್ಡಿಗೆ ಕುಂತ್ರ ಕಣ್ಣ ಮುಂದಿನ ಮುಚ್ಚಳ ಎರಡೆರಡು ಕಾಣತಿದ್ವು. ದನಿ ಮಾತ್ರ ಅಷ್ಟಕ್ಕಷ್ಟ. ಗುಳಿಗಿ ಗಟಾರಕ್ಕ ಒಗದೆ.

ಆ ದಿನದಾಗ ನನ್ನ ಕೈ ಹಿಡದಾಕಿ ಅಥಣಿ ಆಪರೇಟರ್. ಅಕಿ ಮಾರಿ ನಾ ಎಂದೂ ನೋಡಿರಲಿಲ್ಲ. ಐದಾರು ವರ್ಷದಿಂದ ದಿನಾ ಲೈನ್ ಮ್ಯಾಲ ಮಾತು. ಅಕಿ ನನಗ ಅಕ್ಕಾರ ಅಂತಿದ್ಳು, ನಾ ತಂಗಿ ಅಂತಿದ್ದೆ. ಅಕಿ ಲಗ್ನಕ್ಕ ಹೋಗಾಕ ಆಗಲಿಲ್ಲ, ಡ್ಯೂಟಿ ಇತ್ತು. ಮಂಗಳಾರತಿ ಹಾಡು ಲೈನ್ ಮ್ಯಾಲ ಹಾಡಿ ಕಳಸಿದ್ದೆ. ಎಲ್ಲಾರೂ ಲೈನ್ ಕೆಟ್ಟೈತಿ ಅಂತಿದ್ದಾಗ ಅಕಿ ಒಬ್ಬಾಕಿನ ಗುರತ ಹಿಡದಾಕಿ. "ಅಕ್ಕಾರ, ಲೈನ್ ಕನ್ನಡಿ ಇದ್ದಂಗ ಐತಿ. ನಿಮ್ದ ಏನೋ ಆಗೇತಿ" ಅಂದಿದ್ಳು. ಆಮ್ಯಾಲ ಅಕಿನ ಒಂದು ದಾರಿ ಹುಡುಕಿದ್ಳು. ನಾ ಅಂಕಿಗೆ ತಡವರಿಸಿದ್ರ ಸಾಕು, "ಐದೇನ್ರಿ? ಆರೇನ್ರಿ?" ಅಂತ ಅಕಿನ ಕೇಳತಿದ್ಳು, ನಾ ಬರೇ "ಹೂಂ" ಅಂತಿದ್ದೆ. ಬ್ಯಾರೆ ಆಪರೇಟರ್ ಇದ್ರ ಎರಡು ಮಾತಿಗೆ ಬೈದು ಕಾರ್ಡ್ ಕಿತ್ತತಿದ್ರು.

ಟ್ರಂಕ್ ಹಂಗ ಹೆಂಗೋ ನಡೀತು. ಊರಾಗಿನ ಕಾಲ್ ಏನ್ ಮಾಡೂದು? ಒಂದೊಂದು ಅಂಕಿ ಹಿಡದು ಮನ್ಯಾಗ ಒಬ್ಬಾಕಿನ ಕುಂತು ಪರೀಕ್ಷಾ ಮಾಡಿದೆ. ಮೂರು, ನಾಕು, ಸೊನ್ನಿ ಸಲೀಸು. ಉಳದದ್ದೆಲ್ಲಾ ಸಿಗಿಬೀಳತಿದ್ವು. ಪ್ರತಿ ಅಂಕಿಗೂ ಮದಲು ಹಗರಕ ಉಸಿರು ಬಿಟ್ಟು ನೋಡಿದೆ. ಹೊಂದು, ಹೈದು, ಹಾರು. ಬಂತು! ಖುಷಿಯಿಂದ ಬೋರ್ಡಿಗೆ ಹೋಗಿ "ಹೇಳು" ಅಂದ್ರ ಆ ಕಡಿಯಾವ "ಏನ್ ಹೇಳ್ಲಿ?" ಅಂದ. ಆ ಆಟ ಅಲ್ಲಿಗೆ ಮುಗೀತು.

ಆಮ್ಯಾಲ ಮರಾಠಿ ಅಂಕಿ ಹಚ್ಚಿ ನೋಡಿದೆ. ದೋನ್, ತೀನ್, ಚಾರ್, ಪಾಚ್, ಸಹಾ, ಸಾತ್. ಒಂದೂ ಸಿಗಿಬೀಳಲಿಲ್ಲ! ಏಕ್ ಮತ್ತು ಆಠ್ ಅಷ್ಟ ತ್ರಾಸ, ಅವಕ್ಕ ಉಸಿರು ಹಚ್ಚಿ ದಾಟಿಸಿದೆ. ಯಾಕ ಹಿಂಗ ಅಂತ ಗೊತ್ತಿರಲಿಲ್ಲ, ಬೇಕಾಗೂ ಇರಲಿಲ್ಲ. ನಮ್ಮ ಕಡೆ ಸಂತಿ ಪ್ಯಾಟ್ಯಾಗ ಮರಾಠಿ ಲೆಕ್ಕ ತಿಳೀದ ಮನಷ್ಯಾ ಇಲ್ಲ. ಕಾಲ್ ನಡದ್ವು. ಮೂರು ನಾಕು ತಿಂಗಳು ಹಂಗ ತಳ್ಳಿದೆ. ನಿಪ್ಪಾಣಿ ತಂಬಾಕು ವ್ಯಾಪಾರದವರಂತೂ ಇಕಿ ನಮ್ಮಾಕಿ ಅಂತ ಖುಷಿ.

ಈ ಗಡಿ ಸೀಮ್ಯಾಗ ಅದು ಹೆಂಗ ಕಾಣತೈತಿ ಅಂತ ನನ್ನ ತಲ್ಯಾಗ ಹೊಳೀಲಿಲ್ಲ ನೋಡ್ರಿ. ಹೊಟ್ಟಿಪಾಡಿನ ಚಿಂತ್ಯಾಗ ಇದ್ದಾಕಿಗೆ ಭಾಷಾ ಜಗಳದ ಬ್ಯಾನರು, ಘೋಷಣೆ ಎಲ್ಲಿ ನೆಪ್ಪ ಇರತಾವ?

ಒಂದಿನ ಸೂಪರ್‌ವೈಜರ್ ಸಾಹೇಬರು ಖೋಲಿಗೆ ಕರಸಿದ್ರು. ಅಲ್ಲಿ ಇಬ್ಬರು ಹುಡುಗರು, ಒಬ್ಬ ಹಿರೇ ಮನಷ್ಯಾ ಕುಂತಿದ್ರು. ಹುಡುಗರು ಕನ್ನಡ ಸಂಘದವರು. ಹಿರ್ಯಾರಿಗೆ ಗೊಬ್ಬರದ ಅಂಗಡಿ, ಅವರ ಫೋನಿಗೆ ನಾ ನೂರು ಸಲ ಕಾರ್ಡ್ ಚುಚ್ಚಿದ್ದೆ.

"ಚಿಕ್ಕೋಡ್ಯಾಗ ಕುಂತು, ಕರ್ನಾಟಕದ ನೀರು ಕುಡದು, ಕನ್ನಡದಾಗ ಕೇಳಿದ್ರ ಮರಾಠಿಯೊಳಗ ನಂಬರ್ ಹೇಳ್ತಾರ್ರಿ ಇವರು" ಅಂದ ಒಬ್ಬ ಹುಡುಗ. "ನಾವು ಬೇಕಂತ ಪರೀಕ್ಷಾ ಮಾಡೀವಿ. ಎಷ್ಟು ಸಲ ಕೇಳಿದ್ರೂ ಅಷ್ಟ."

ಸಾಹೇಬರು ಬೆವರು ಒರಸಿಕೊಂಡ್ರು. "ಬಾಯಾರ, ಏನಿಲ್ಲ, ಇವರ ಮುಂದ ಒಂದು ನಂಬರ್ ಕನ್ನಡದಾಗ ಅಂದ ಬಿಡ್ರಿ. ಎಂಬತ್ತೆಂಟು ಅನ್ರಿ. ಚಾ ಕುಡಿಸಿ ಕಳಸೂಣು."

ಎಂಬತ್ತೆಂಟು! ಹುಡುಕಿ ಹುಡುಕಿ ಅದನ್ನ ಅಂದ್ರು. ನಾ ಉಸಿರು ತಗೊಂಡೆ. ಬಾಯಿ ತಗದೆ. ಗಂಟಲ ಮುಚ್ಚಿತು. ಒತ್ತಿದೆ. "ಎ... ಎ... ಬ..." ಮಾರಿ ಕೆಂಪಾತು, ಕಣ್ಣಾಗ ನೀರು ಬಂತು. ಒತ್ತಿದಷ್ಟೂ ಬಿಗೀತು.

"ಅಳಬ್ಯಾಡವಾ" ಅಂದ್ರು ಹಿರ್ಯಾರು.

"ಅಳಾಕತ್ತಿಲ್ರಿ, ನಾಟಕ ಮಾಡಾಕತ್ತಾರ" ಅಂದ ಹುಡುಗ. "ಕನ್ನಡ ಅಂದ್ರ ಗಂಟಲದಾಗ ಮುಳ್ಳು ಸಿಗ್ತೈತಿ ಇವರಿಗೆ."

ನೆತ್ತಿಗೆ ಏರಿತು ನೋಡ್ರಿ. ಎದ್ದು ನಿಂತು ಒದರಿದೆ, "ಏ ಭಾಡ್ಯಾ! ನನಗ ಕನ್ನಡ ಕಲಸಾಕ ಬಂದಿಯೇನಲೇ? ನಮ್ಮವ್ವ ನನ್ನ ಕನ್ನಡದಾಗ ಹಡದಾಳ, ಕನ್ನಡದಾಗ ಬೈದಾಳ! ಎದ್ದ ಹೋಗಲೇ ಇಲ್ಲಿಂದ!"

ಒಂದು ಅಕ್ಷರ ಒಡೀಲಿಲ್ಲ. ಗಂಟಿ ಬಾರಿಸಿದಂಗ ಬಂತು. ಬೋರ್ಡಿನ ಮ್ಯಾಲ ಕುಂತಿದ್ದ ಹುಡುಗಿಯರೂ ತಿರುಗಿ ನೋಡಿದ್ರು.

ಸಾಹೇಬರು ನನ್ನ ಮಾರಿನ ನೋಡಿ ಸಾವಕಾಶ ಕೇಳಿದ್ರು, "ಬಾಯಾರ, ಈಗ ಹೆಂಗ ಬಂತು?"

ಸಿಟ್ಟು ಇಳದ ಕೂಡಲೇ ಗಂಟಲ ಮತ್ತ ಮುಚ್ಚಿತ್ತು. ನೆಲ ಬಾಯಿ ಬಿಟ್ರ ಇಳದು ಹೋಗತಿದ್ದೆ. ಅವತ್ತು ಮನಿಗೆ ಹೋಗಿ ಅಡಗಿ ಮನಿ ಕದಾ ಹಾಕ್ಕೊಂಡು ಮನಸು ಪೂರ್ತಿ ಅತ್ತೆ. ಅಳೂ ದನಿನೂ ಸುದ್ದ ಇತ್ತು, ಅದಕ್ಕೂ ಸಿಟ್ಟ ಬಂತು.

ಸಾಹೇಬರು ಕೆಟ್ಟವರಲ್ಲ. ಮರುದಿನ ಕರದು ಅಂದ್ರು, "ಮ್ಯಾಲಿಂದ ಕೇಳಿದ್ರ ನಾ ಏನ್ ಹೇಳ್ಲಿ? ಡಾಕ್ಟರ್ ಸರ್ಟಿಫಿಕೇಟ್ ತರ್ರಿ. ಬ್ಯಾನಿ ಖರೇ ಅಂತ ಬರದ ಕೊಟ್ರ ನಿಮ್ಮನ್ನ ನಿಪ್ಪಾಣಿ ಲೈನ್ ಮ್ಯಾಲ ಅಷ್ಟ ಕುಂಡ್ರಸ್ತೀನಿ. ಅಲ್ಲಿ ನಿಮ್ಮ ಮರಾಠಿ ನಡೀತೈತಿ. ಸರ್ಟಿಫಿಕೇಟ್ ಇಲ್ಲಾಂದ್ರ ನನ್ನ ಕೈಯಾಗ ಏನೂ ಇಲ್ಲ." ಬೋರ್ಡ್ ಬಿಟ್ಟು ನಾನಂದ್ರ ಏನೂ ಅಲ್ಲ ಅಂತ ತಿಳದಾಕಿ ನಾ. ನಮ್ಮ ಮನಿತನದಾಗ ಖುರ್ಚಿ ಮ್ಯಾಲ ಕುಂತು ದುಡದ ಮದಲನೇ ಹೆಣ್ಮಗಳು. ದೊಡ್ಡ ದವಾಖಾನಿ ಇದ್ದ ಮಿರಜಕ್ಕ ಹೊಂಟ್ವಿ.

ಮಿರಜದ ಗಂಟಲ ಡಾಕ್ಟರ್ ವಯಸ್ಸಾದವರು, ಮರಾಠಿ ಬೆರಸಿದ ಕನ್ನಡ ಮಾತಾಡತಿದ್ರು. ನನ್ನ ಕಥಿ ಪೂರ್ತಿ ಕೇಳಿದ್ರು. ಅರ್ಧಾ ತಾಸು ಹಿಡೀತು ನನಗ ಹೇಳಾಕ. ನಡಕ ಒಮ್ಮೆನೂ ಬಾಯಿ ಹಾಕಲಿಲ್ಲ. ಆಮ್ಯಾಲ, "ಈಗ ಒಂದು ಹಾಡು ಹಾಡ್ರಿ" ಅಂದ್ರು. ಹಾಡಿದೆ. "ನಗ್ರಿ." ನಕ್ಕೆ. "ನನ್ನ ಬಯ್ಯಿರಿ." ನಮ್ಮ ಮನಿಯವರು ಗಾಬರಿ ಆಗಿ ನನ್ನ ಮಾರಿ ನೋಡಿದ್ರು. ಇವರೂ ಚೇಷ್ಟಿ ಮಾಡಾಕತ್ತಾರ ಅಂತ ನನಗ ಹೊಟ್ಟಿ ಉರೀತು.

"ಎಂಬತ್ತರಿಂದ ತೊಂಬತ್ತರ ತನಾ ಎಣಸ್ರಿ."

ಎಂಬತ್ತಕ್ಕ ನಿಂತಿತು. ಅವರು ಖುರ್ಚಿ ಮುಂದ ಎಳಕೊಂಡ್ರು. ಮೂಗಿನ್ಯಾಗಿಂದ ಕರೇ ತೆಳ್ಳಗಿನ ನಳಿಗಿ ಇಳಿಸಿದ್ರು. ಅದರ ತುದ್ಯಾಗ ದೀಪ. ಗಂಟಲದಾಗ ಅದು ಇರೂ ಮುಂದನ ಮತ್ತ ಎಣಸಾಕ ಹಚ್ಚಿದ್ರು. ಕಣ್ಣಾಗ ನೀರು ಧಾರಾಕಾರ. ಅವರು ಕಣ್ಣು ಹಚ್ಚಿ ನೋಡಿ ನೋಡಿ, "ಹಾಂ. ಹಾಂ. ಸಿಕ್ಕಿತು" ಅಂದ್ರು.

ಅಕ್ಕ ತಂಗಿಗೆ ಕೂಡ ಹಂಗ ಹೇಳೂದಿಲ್ಲ, ಅಷ್ಟು ಸಮಾಧಾನದಿಂದ ಹೇಳಿದ್ರು. ಗಂಟಲದಾಗ ಎರಡು ದನಿ ಪಟ್ಟಿ ಇರತಾವ. ಮಾತಾಡೂ ಮುಂದ ಅವು ಹಗರಕ ಕೂಡಿ ನಡಗಬೇಕು. ನನ್ನವು ಸ್ವರದಿಂದ ಸುರುವಾಗೂ ಮಾತು ಬಂದ್ರ ಧಡಕ್ಕನ ಬಡದು ಮುಚ್ಚಿಕೊಳ್ಳತಿದ್ವು. ಪಟ್ಟಿಗೆ ಏನೂ ಆಗಿಲ್ಲ, ಮನಸಿಗೂ ಏನೂ ಆಗಿಲ್ಲ. ಮೆದುಳಿನ್ಯಾಗಿಂದ ಆ ಸ್ನಾಯುಗಳಿಗೆ ಬರೂ ಹುಕುಂ ತಪ್ಪಿ ಬರಾಕತ್ತೈತಿ, ಅದೂ ಮಾತಾಡೂ ಮುಂದ ಅಷ್ಟ. ಹಾಡು, ನಗು, ಒದರಾಟ ಬ್ಯಾರೆ ದಾರಿಲೆ ಬರತಾವ, ಅದಕ್ಕ ಅವು ಉಳದಾವ. ಬರದು ಬರದು ಗುಮಾಸ್ತರ ಕೈ ಪೆನ್ನು ಹಿಡದಾಗ ಅಷ್ಟ ಸೆಟೀತಾವ, ಊಟ ಮಾಡುವಾಗ ಸುದ್ದ ಇರತಾವ, ಹಂಗ ಇದು. ಸ್ಪ್ಯಾಸ್ಮಾಡಿಕ್ ಡಿಸ್ಫೋನಿಯಾ ಅಂತ ಹೆಸರು.

"ಹಾಡಾಕ ಬರ್ತೈತಿ ಅಂದ್ರ ನಾಟಕ ಅಂದ್ರೇನು ಎಲ್ಲಾರೂ?" ಅಂತ ಕೇಳಿದ್ರು. ತಲಿ ಅಲ್ಲಾಡಿಸಿದೆ. "ಹಾಡಾಕ ಬರೂದ ಈ ಬ್ಯಾನಿ ಗುರತು."

ನಾ ಅಲ್ಲೇ ಕುಸದು ಅತ್ತೆ. ಬ್ಯಾನಿ ಐತಿ ಅಂತ ಕೇಳಿ ಅಷ್ಟು ಖುಷಿಪಟ್ಟಾಕಿ ನಾ ಒಬ್ಬಾಕಿನ ಇರಬೇಕು.

ಯಾಕ ಬರತೈತಿ ಅಂದ್ರ ಅವರಿಗೂ ಗೊತ್ತಿರಲಿಲ್ಲ. ಒಬ್ಬೊಬ್ಬರಿಗೆ ಜ್ವರದ ಬೆನ್ನಿಗೆ, ಒಬ್ಬೊಬ್ಬರಿಗೆ ದೊಡ್ಡ ತ್ರಾಸಿನ ಬೆನ್ನಿಗೆ, ಭಾಳ ಮಂದಿಗೆ ಸುಮ್ನ. ಪೂರಾ ವಾಸಿ ಮಾಡೂ ಔಷಧ ಇಲ್ಲ. ಪರದೇಶದಾಗ ಒಂದು ಇಂಜೆಕ್ಷನ್ ಸುರುವಾಗೇತಂತ, ದನಿ ಪಟ್ಟಿಗೇ ಚುಚ್ಚಿ ಕೆಲವು ತಿಂಗಳು ಅದನ್ನ ಸಡಲ ಮಾಡತಾರಂತ, ಇಲ್ಲಿಗೆ ಬರೂದು ಎಂದೋ. ಈಗ ಅದು ನಮ್ಮ ದೇಶದಾಗೂ ಐತಿ, ಆಗ ಇರಲಿಲ್ಲ. ತಮ್ಮ ಕೈಯಾಗಿದ್ದದ್ದು ಒಂದ ಅಂದ್ರು. ಕುತ್ತಿಗಿ ಕೊಯ್ದು, ಒಂದು ಕಡೆ ದನಿ ಪಟ್ಟಿಗೆ ಹೋಗೂ ನರಾ ಕತ್ತರಿಸೂದು. ಆ ಪಟ್ಟಿ ಅಲ್ಲಾಡೂದ ನಿಲ್ಲತೈತಿ, ಬಡದು ಮುಚ್ಚಾಕ ಆಗಂಗಿಲ್ಲ. ಮಾತು ಒಡ್ಯಾಂಗಿಲ್ಲ. ಆದ್ರ ದನಿ ಸಣ್ಣ ಆಗತೈತಿ. ಕತ್ತರಿಸಿದ ನರಾ ತಿರುಗಿ ಹತ್ತಂಗಿಲ್ಲ. ಕೆಲವರಿಗೆ ಎರಡು ಮೂರು ವರ್ಷಕ್ಕ ಬ್ಯಾನಿ ಮತ್ತ ಬಂದದ್ದೂ ಐತಿ.

"ದನಿ ಎಷ್ಟು ಸಣ್ಣ ಆಕ್ಕೈತ್ರಿ?" ಇದು ನನ್ನ ಪ್ರಶ್ನೆ.

"ಅದನ್ನ ತೋರಸ್ತೀನಿ" ಅಂದ್ರು. ಕತ್ತರಸೂಕಿಂತ ಮದಲು ಆ ನರಕ್ಕ ಜೋಮು ಹಿಡಿಸೂ ಮದ್ದು ಚುಚ್ಚಿ ನೋಡೂ ಪದ್ಧತಿ ಐತಿ. ಒಂದು ತಾಸಿನ ಮಟ್ಟಿಗೆ ಆಪರೇಷನ್ ಆದಂಗ ದನಿ ಬರತೈತಿ.

ನಾ ಆಪರೇಟರ್. ನನಗ ಆ ಖೋಲ್ಯಾಗ ದನಿ ಕೇಳಿಸಿದ್ರ ಉಪೇಗಿಲ್ಲ, ತಂತಿ ಮ್ಯಾಲ ಕೇಳಸಬೇಕು. ಸೂಜಿ ಚುಚ್ಚಾಕಿಂತ ಮದಲ ದವಾಖಾನಿ ಫೋನಿನಿಂದ ಚಿಕ್ಕೋಡಿಗೆ ಅರ್ಜಂಟ್ ಟ್ರಂಕ್ ಬುಕ್ ಮಾಡಿಸಿದೆ. ಕಾಲ್ ಹತ್ತಾಕ ಎಷ್ಟು ಹೊತ್ತು ಹಿಡೀತೈತಿ ಅಂತ ನನಗ ಗೊತ್ತಿಲ್ಲೇನು?

ಗಾಳಿ ಕೊಳವಿ ಬಾಜೂಕ ಸೂಜಿ ಇಳಿಸಿದ್ರು. ಕುತ್ತಿಗಿ ಭಾರ ಆತು. ನೀರು ಕುಡೀಬ್ಯಾಡ್ರಿ, ಠಸಕಿ ಬರತೈತಿ, ನೆತ್ತಿಗೆ ಹತ್ತತೈತಿ ಅಂದ್ರು. ಸ್ವಲ್ಪ ಹೊತ್ತಿನ ಮ್ಯಾಲ, "ಈಗ ಎಣಸ್ರಿ" ಅಂದ್ರು.

"ಒಂದು" ಅಂದೆ. ಬಂತು. "ಎರಡು." ಬಂತು. "ಐದು, ಆರು, ಏಳು, ಎಂಟು, ಒಂಬತ್ತು." ಉಸಿರು ಬೆರೆತ, ಸಣ್ಣ, ಪೊಳ್ಳ ದನಿ. ಆದ್ರ ಎಲ್ಲೂ ಒಡೀಲಿಲ್ಲ, ಎಲ್ಲೂ ಸಿಗಲಿಲ್ಲ. ಯವ್ವಾ, ಮಾತಾಡೂದು ಇಷ್ಟು ಸಸಾರ ಇತ್ತೇನು ಅನಿಸಿತು. ನಮ್ಮ ಮನಿಯವರ ಕಡೆ ತಿರುಗಿ ಹರಟಿ ಹೊಡದೆ, ಏನೇನೋ, ಅಂಗಡಿ ಸುದ್ದಿ, ಅತ್ತಿ ಸುದ್ದಿ. ಅವರು ಕಣ್ಣು ಒರ್ಸಿಕೊಂತ, "ಸಾಕ ಬಿಡ ಮಾರಾಯ್ತಿ, ಎಲ್ಲಾ ಇವತ್ತ ಮುಗಸಬ್ಯಾಡ" ಅಂದ್ರು.

ಕಾಲ್ ಹತ್ತಿತು. ಸೂಪರ್‌ವೈಜರ್ ಸಾಹೇಬರು ಲೈನ್ ಮ್ಯಾಲ ಬಂದ್ರು.

"ಸಾಹೇಬರ, ನಾನ್ರಿ. ಎಂಬತ್ತೆಂಟು ಅಂತೀನಿ ಕೇಳ್ರಿ" ಅಂದೆ.

"ಹಲೋ? ಯಾರು? ಜೋರ್ ಮಾತಾಡ್ರಿ!"

ಜೀವ ಹಿಡದು ಒದರಿದೆ. ಬರೇ ಉಸಿರು ಹೊಂಟಿತು.

"ಹಲೋ! ಯಾರೂ ಮಾತಾಡವಲ್ರಲ್ಲಾ. ಬರೇ ಗಾಳಿ ಕೇಳಸಾಕತ್ತೈತಿ."

ನಮ್ಮ ಮನಿಯವರು ಫೋನ್ ಇಸಕೊಂಡು, "ಅಕಿ ಮಾತಾಡಾಕತ್ತಾಳ್ರಿ ಸಾಹೇಬರ, ಛಲೋ ಮಾತಾಡಾಕತ್ತಾಳ್ರಿ" ಅಂದ್ರು. ನಾ ಗ್ವಾಡಿಗೆ ಆತು ನಿಂತೆ. ಏನಂತ ತಿಳದು ಹೋತು. ಕೊಯ್ಸಿಕೊಂಡ್ರ ಮನಿಗೆ ದನಿ ಬರತೈತಿ, ಬೋರ್ಡ್ ಹೋಗತೈತಿ. ಬಿಟ್ರ ಬೋರ್ಡ್ ಉಳೀತೈತಿ, ನಿಪ್ಪಾಣಿ ಲೈನಿನ ಒಂದು ಮೂಲಿ, ಒಡಕು ದನಿ, ಮರಾಠಿ ಅಂಕಿ. ಒಂದು ತಾಸಾತು, ಮದ್ದು ಇಳೀತು, ಬಸ್ ಸ್ಟ್ಯಾಂಡಿನ್ಯಾಗ ಚಿಕ್ಕೋಡಿಗೆ ಎರಡು ಟಿಕೀಟು ಅಂತ ಕೇಳಾಕ ಹೋಗಿ ಎರಡಕ್ಕ ನಿಂತೆ.

ಸರ್ಟಿಫಿಕೇಟ್ ನನ್ನ ಕೈಯಾಗ ಇತ್ತು. ಬೋರ್ಡ್ ಬಿಡಂಗಿಲ್ಲ ಅಂತ ದಾರಿ ಪೂರ್ತಿ ನಿಕ್ಕಿ ಮಾಡಿಕೊಂಡೆ. ಮನಿಯವರು "ನಿನ್ನ ಗಂಟಲ, ನಿನ್ನ ಮನಸು" ಅಂದ್ರು. ನಿಪ್ಪಾಣಿ ಲೈನ್ ಮ್ಯಾಲ ಕುಂತೆ ಕೂಡ. ಸಂಘದ ಹುಡುಗರಿಗೆ ಸಾಹೇಬರು ಸರ್ಟಿಫಿಕೇಟ್ ತೋರಸಿದ್ರು, ಅವರು ಅರ್ಧಾ ನಂಬಿದ್ರು, ಅರ್ಧಾ ಬಿಟ್ರು.

ಒಂದು ರವಿವಾರ ಮಧ್ಯಾಹ್ನ ನಾ ರೊಟ್ಟಿ ಬಡೀತಿದ್ದೆ. ನನ್ನ ಮಗಳು, ಆಗ ಅಕಿಗೆ ಮೂರು ತುಂಬಿತ್ತು, ಪಡಸಾಲ್ಯಾಗ ಆಟ ನಡಸಿದ್ಳು. ಅಪ್ಪನ ಅಂಗಡಿಯಿಂದ ತಂದ ದಾರದ ತುದಿಗೆ ಸ್ಟೀಲ್ ವಾಟಿ ಕಟ್ಟಿ ಕಿವಿಗೆ ಹಿಡಕೊಂಡಿದ್ಳು. ಬಾಜೂಕ ಬಟ್ಟಿ ಗೊಂಬಿ. ಗೊಂಬಿಗೆ ನಂಬರ್ ಹೇಳಾಕತ್ತಿದ್ಳು.

"ಐ... ಐ... ದು. ಆ... ಆ... ರು."

ಕುತ್ತಿಗಿ ಬಿಗಿ ಹಿಡದು, ಗದ್ದ ಮುಂದ ಮಾಡಿ, ಕಣ್ಣು ಮುಚ್ಚಿ ಒತ್ತತಿದ್ಳು. ಅತ್ತಿ ನಗಾಕತ್ತಿದ್ಳು. "ನೋಡಿಲ್ಲಿ, ಹೆಂಗ ನಿನ್ನಂಗ ಅಂತೈತಿ!"

ಕೈಯಾಗಿನ ಹಿಟ್ಟು ಹಂಗ ಇಟ್ಟು ಬಂದು ಅಕಿ ಮುಂದ ಕುಂತೆ. "ಹಂಗ್ಯಾಕಂತಿ ಪುಟ್ಟಿ?" ಅಂತ ಪಿಸುಗುಟ್ಟಿದೆ.

"ಫೋನಿನ್ಯಾಗ ಹಂಗ ಅನ್ನಬೇಕು" ಅಂದ್ಳು. ಆಮ್ಯಾಲ, "ಅ... ಅವ್ವ, ನೀ ಹಂಗ ಅಂತೀಯಲ್ಲ" ಅಂದ್ಳು.

ಅವ್ವ ಅನ್ನೂದನ್ನೂ ಒಡದು ಅಂದ್ಳು. ಅವ್ವ, ಅಪ್ಪ, ಅಜ್ಜಿ ಅನ್ನೂ ಮಾತೆಲ್ಲಾ ಅಕಿ ನನ್ನ ಬಾಯಿ ನೋಡಿ ಕಲತಾಕಿ. ಇದು ಕೂಸಿಗೆ ಹತ್ತೂ ಬ್ಯಾನಿ ಅಲ್ಲ, ಬರೇ ಅನುಕರಣೆ ಅಂತ ಆಮ್ಯಾಲ ಡಾಕ್ಟರ್ ಹೇಳಿದ್ರು. ಆದ್ರ ಅವತ್ತು ಅವರನ್ನ ಕೇಳಾಕ ನಾ ಕಾಯಲಿಲ್ಲ. ಸಂಜಿಗೆ ಮನಿಯವರು ಅಂಗಡಿ ಮುಚ್ಚಿ ಬಂದ ಕೂಡಲೇ ಅಂದೆ, "ಆ... ಆಪರೇಷನ್ ಮಾಡಿಸಿಕೊಂತೀನಿ."

"ಬೋರ್ಡ್?"

"ಹಾಳಾಗಿ ಹೋಗಲಿ ಬೋರ್ಡ್."

ಅಂದೆ, ಆದ್ರ ಹಾಳಾಗಿ ಹೋಗಲಿ ಅಂತ ಮನಸಿನ್ಯಾಗ ಇರಲಿಲ್ಲ.

ಆಪರೇಷನ್ ಮಂಪರಿನ್ಯಾಗ ಮಾಡಿದ್ರು, ಪೂರಾ ನಿದ್ದಿಗೆ ಹಾಕಲಿಲ್ಲ. ನಾ ಮಾತಾಡತಾ ಇರಬೇಕು, ಅಂದ್ರ ಸರಿ ನರಾ ಹಿಡದೀವಿ ಅಂತ ಅವರಿಗೆ ಖಾತ್ರಿ. ಮಾರಿ ಮ್ಯಾಲ ಹಸರು ಅರಬಿ. ಕುತ್ತಿಗ್ಯಾಗ ಎಳದಾಟ ತಿಳೀತಿತ್ತು, ನೋವು ಇರಲಿಲ್ಲ. ಡಾಕ್ಟರ್ ಅಂತಿದ್ರು, "ಎಣಸ್ತಾ ಇರ್ರಿ, ನಿಲ್ಲಸಬ್ಯಾಡ್ರಿ." ನಾ ಒಡಕು ದನಿಲೆ ಎಣಸ್ತಿದ್ದೆ. ಚಿಮಟಿಗಿಲೆ ನರಾ ಒತ್ತಿ ಹಿಡದ್ರು, ನಡಕ ಒಂದು ಅಂಕಿಗೆ ದನಿ ಒಮ್ಮಿಂದೊಮ್ಮೆ ಸಡಲ ಆತು. "ಇದ ನರಾ" ಅಂದ್ರು. "ಕತ್ತರಸ್ಲಿ?" ಅಂತ ಚಿಮಟಿಗಿ ಬಿಟ್ಟು ಕೊನೀ ಸಲ ಕೇಳಿದ್ರು. ನಾ ಹೂಂ ಅಂದೆ. ಕತ್ತರಿ ಸಪ್ಪಳ ಕೇಳಿದೆ. ಆ ಹೂಂ ನನ್ನ ಹಳೇ ದನಿದು ಕೊನೀದು.

ಗಾಯ ಮಾಯಿತು. ನೀರು ಕುಡಿಯುವಾಗ ಠಸಕಿ ಬರೂದು ಕೆಲವು ವಾರಕ್ಕ ಕಡಿಮಿ ಆತು. ಮಗಳು ದಿನಾ ನನ್ನ ಬಾಯಿ ನೋಡಿ ಮಾತು ಹೊಸದಾಗಿ ಕಲೀತು. ನನ್ನಂಗ ಸಣ್ಣಗ ಮಾತಾಡಾಕ ಹತ್ತಿತು ಒಂದಿಷ್ಟು ದಿನಾ, ಓಣ್ಯಾಗ ಹುಡುಗರ ಕೂಡ ಬಿದ್ದ ಮ್ಯಾಲ ಅದೂ ಹೋತು, ಈಗ ಮನಿ ಹಾರಿಹೋಗೂವಂಗ ಒದರತೈತಿ. ಆ ಮಟ್ಟಿಗೆ ನಾ ಗೆದ್ದೆ.

ಆಫೀಸಿನ್ಯಾಗ ನನ್ನ ಹಿಂದಿನ ಖೋಲಿಗೆ ಹಾಕಿದ್ರು. ಟ್ರಂಕ್ ಕಾಲಿನ ಚೀಟಿ ಜೋಡಸೂ ಕೆಲಸ, ಮಾತಿಗೆ ಜಾಗಾ ಇಲ್ಲ. ಮದಲನೇ ದಿನ ನನ್ನ ಹೆಡ್‌ಸೆಟ್ ವಾಪಸ್ ಕೊಟ್ಟು ಸಹಿ ಮಾಡಾಕ ಬೋರ್ಡ್ ಖೋಲಿಗೆ ಹೋದೆ. ಮುಂಜಾನಿ, ಇನ್ನೂ ಗದ್ದಲ ಇರಲಿಲ್ಲ. ಬೋರ್ಡಿನ ಹುಡುಗಿ, "ಅಕ್ಕಾರ, ಎರಡು ನಿಮಿಷ ನೋಡಕೊಳ್ರಿ, ಚಾ ಕುಡದು ಬರ್ತೀನಿ" ಅಂತ ಹೊರಗ ಹೋದ್ಳು. ಅಕಿ ಹೋದ ಬೆನ್ನಿಗೆ ಅಥಣಿ ಮುಚ್ಚಳ ಬಿತ್ತು.

ಅಥಣಿದು ನಡಕ ಬ್ಯಾರೆ ಎಕ್ಸ್‌ಚೇಂಜ್ ಇಲ್ಲದ ಸೀದಾ ಲೈನ್, ಮುಂಜಾನಿ ಭಾಳ ಸ್ವಚ್ಛ ಇರತಿತ್ತು. ನಾ ಕಾರ್ಡ್ ಚುಚ್ಚಿ, ಬಾಯಿ ಮುಂದಿನ ತುತ್ತೂರಿ ತುಟಿಗೆ ಹಚ್ಚಿಕೊಂಡು ಅಂದೆ, "ಅಥಣಿ, ಹೇಳ್ರಿ."

"ಚಿಕ್ಕೋಡಿ, ದನಿ ಭಾಳ ಸಣ್ಣ ಕೇಳಸಾಕತ್ತೈತ್ರಿ. ಹೊಸದಾಗಿ ಬಂದೀರೇನ್ರಿ?"

ನನ್ನ ತಂಗಿ. ಅದ ದನಿ, ಒಂದು ಕೂದಲೆಳಿ ಫರಕ ಇಲ್ಲ. ಅಕಿ ನನ್ನ ಗುರತ ಹಿಡೀಲಿಲ್ಲ. ಹೆಂಗ ಹಿಡೀತಾಳ? ಅಕಿ ನನ್ನ ಮಾರಿ ನೋಡಿಲ್ಲ, ಕೈ ಮುಟ್ಟಿಲ್ಲ. ನಾ ಅಂದ್ರ ಅಕಿಗೆ ದನಿ ಅಷ್ಟ. ಅಕಿ ಸಾವಿರ ದನ್ಯಾಗ ಹುಡುಕಿ ಹಿಡದದ್ದು ನನ್ನ ಒಡಕು ದನಿ, ಅದನ್ನ ನಾ ಮಿರಜದಾಗ ಕತ್ತರಿಸಿ ಬಂದಿದ್ದೆ.

"ಹೂಂ ರೀ" ಅಂದೆ.

"ಇಲ್ಲಿ ಒಬ್ಬರು ಅಕ್ಕಾರ ಇದ್ರಲ್ರಿ, ಅವರ ಗಂಟಲಕ್ಕ ಆರಾಮ ಇರಲಿಲ್ಲ. ಆಪರೇಷನ್ ಅಂತ ಕೇಳಿದ್ದೆ. ಹೆಂಗ ಅದಾರ್ರಿ ಅವರು?"

ನಾನ ಅಂತ ಅನ್ನಬೇಕಾಗಿತ್ತು. ಅನ್ನಾಕ ಏನೂ ಅಡ್ಡ ಇರಲಿಲ್ಲ, ಗಂಟಲ ಬಿಚ್ಚಿತ್ತು, ಯಾವ ಅಕ್ಷರಕ್ಕೂ ಮುಚ್ಚೂ ಹಂಗಿರಲಿಲ್ಲ. ಆದ್ರ ನಾನ ಅಂದ್ರ ಅಕಿ ಅಳತಾಳ, ಈ ದನಿ ಅಕಿ ಕಿವ್ಯಾಗ ಕುಂದ್ರತೈತಿ, ಹಳೇ ಅಕ್ಕಾರ ಅಲ್ಲೂ ಉಳಿಯಂಗಿಲ್ಲ. ನನ್ನಿಂದ ಆಗಲಿಲ್ಲ.

"ಆರಾಮ ಅದಾರ್ರಿ" ಅಂದೆ.

"ದೇವರ ದೊಡ್ಡಾಂವ. ಬಂದ್ರ ಹೇಳ್ರಿ ಅವರಿಗೆ, ಅಥಣ್ಯಾಕಿ ಕೇಳಿದ್ಳು ಅಂತ. ಅವರ ದನಿ ಕೇಳದ ಭಾಳ ದಿನಾ ಆತು, ಬೋರ್ಡ್ ಬಿಕೋ ಅಂತೈತಿ ಅಂತ ಹೇಳ್ರಿ."

"ಹೇಳ್ತೀನ್ರಿ" ಅಂದೆ. ಆಮ್ಯಾಲ ಅಕಿ ಕೇಳಿದ ನಂಬರ್ ತಿರುಗಿ ಕನ್ನಡದಾಗ ಪೂರ್ತಿ ಒಪ್ಪಿಸಿ, ಕಾಲ್ ಕೊಟ್ಟು, ಕಾರ್ಡ್ ಬಿಟ್ಟೆ.